ಬಿಸಿಯೂಟದ ಅಕ್ಕನ ಕೈ ಸುಟ್ಟರೆ ಹೊಣೆ ಯಾರದು?

ಜವಳಗೇರಾದ ಶಾಲೆಯೊಂದರಲ್ಲಿ ಸಾಂಬಾರಿನ ಪಾತ್ರೆ ಇಳಿಸುವಾಗ ಅಡುಗೆ ಅಕ್ಕನ ಕೈ ಸುಟ್ಟಿತು ಅಂತಿಟ್ಕೊಳ್ಳಿ. ಪರಿಹಾರ ಕೊಡೋರು ಯಾರು?

1923ರ ಕಾಯ್ದೆಯಲ್ಲಿದ್ದು, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ ನಿಯಮ ಸರಳ: ಕೆಲಸದಿಂದ ಗಾಯವಾದರೆ ಹೊಣೆ ಮಾಲೀಕರದು. ಅವರದೇ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ.

ಇಎಸ್‌ಐ ಇಲ್ಲದ ಶಾಲಾ ವ್ಯಾನ್ ಡ್ರೈವರ್‌ಗೆ 40 ವರ್ಷ, ಸಂಬಳ 10,000 ರೂಪಾಯಿ ಅನ್ನಿ. ಇನ್ನು ದುಡಿಯೋಕೇ ಆಗದಂತಾದರೆ ಸಂಬಳದ ಶೇ. 60ನ್ನು ವಯಸ್ಸಿನ ಅಂಕ 184.17ರಿಂದ ಗುಣಿಸಿ: 11,05,020 ರೂಪಾಯಿ.

ಆದರೆ ಬಿಸಿಯೂಟದ ಅಕ್ಕನಿಗೆ ಸಿಗೋದು ಸಂಬಳವಲ್ಲ, ಗೌರವಧನ. ‘ನೌಕರರೇ ಅಲ್ಲ’ ಅನ್ನೋ ತಕರಾರು ಅಲ್ಲೇ ಶುರು. ಹಾಗಾಗಿ ಅಂದೇ ಮುಖ್ಯಶಿಕ್ಷಕರಿಗೆ ಬರೆದುಕೊಟ್ಟು ಸಹಿ ಪಡೆಯಿರಿ. ಆಸ್ಪತ್ರೆ ಚೀಟಿ, ಪಾಸ್‌ಬುಕ್ ಜೋಪಾನ. ಅರ್ಜಿಗೆ ಎರಡು ವರ್ಷ ಮಾತ್ರ ಗಡುವು.