ಹುಲ್ಲುಗಾವಲಿಗೆ ಸಾರಜನಕ: ಮಿತಿಯೂ ಕ್ರಮವೂ

ಬೆಳಗಾವಿಯ ಖಾಸಬಾಗದಿಂದ ಖಾನಾಪುರದ ಕಡೆಗೆ ಹೋದಷ್ಟೂ ಮಳೆ ಹೆಚ್ಚುತ್ತದೆ. ಜಂಬಿಟ್ಟಿಗೆಯ ಕೆಮ್ಮಣ್ಣು ಕಾಣಬರುತ್ತದೆ. ಈ ಮಣ್ಣು ಸ್ವಭಾವತಃ ಹುಳಿಯಾದುದು. ಸುಣ್ಣವೂ ರಂಜಕವೂ ಇದರಲ್ಲಿ ಕಡಿಮೆ. ಇಂತಹ ಹುಲ್ಲುಗಾವಲಿಗೆ ಯೂರಿಯಾ ಎರಚಿದೊಡನೆ ಹುಲ್ಲು ಹಸುರಾಗಿ ಏಳುವುದು ನಿಜ; ಆದರೆ ಅಷ್ಟರಿಂದಲೇ ಭೂಮಿ ಫಲವತ್ತಾಯಿತೆಂದು ತಿಳಿಯಲಾಗದು.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವುಂಟು. ರಂಜಕವಾಗಲಿ ಪೊಟ್ಯಾಷಾಗಲಿ ಇಲ್ಲ. ಬೇಗ ಬೆಳೆದ ಹುಲ್ಲು ಇವೆರಡನ್ನೂ ಮಣ್ಣಿನಿಂದ ಹೆಚ್ಚಾಗಿ ಹೀರುತ್ತದೆ; ಕೊಯ್ದು ಬಣವೆಗೆ ಸಾಗಿಸಿದರೆ ಆ ಸಾರವೂ ಹೊಲ ಬಿಟ್ಟುಹೋಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಹುಳಿ ಹುಟ್ಟುತ್ತದೆ. ಬೇರುಗಳು ಹೀರದೆ ಉಳಿದ ನೈಟ್ರೇಟು ಮಳೆನೀರಿನೊಡನೆ ಇಳಿಯುತ್ತ ಸುಣ್ಣವನ್ನೂ ಎಳೆದೊಯ್ಯುತ್ತದೆ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ಡಿನಲ್ಲಿ 1856ರಿಂದ ನಡೆದುಬಂದಿರುವ ಹುಲ್ಲುಗಾವಲಿನ ಪ್ರಯೋಗದಲ್ಲಿ, ಗೊಬ್ಬರ ಕಾಣದ ತಾಕುಗಳಲ್ಲಿ ಮೂವತ್ತಕ್ಕೂ ಮಿಕ್ಕಿದ ಜಾತಿಯ ಸಸ್ಯಗಳಿವೆ. ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಹೇರಳವಾಗಿ ಪಡೆದ ತಾಕುಗಳಲ್ಲಿ ಎರಡು ಮೂರು ಮಾತ್ರ ಉಳಿದವು. ಗಾಳಿಯ ಸಾರಜನಕವನ್ನು ನೆಲಕ್ಕೆ ಒದಗಿಸುವ ದ್ವಿದಳ ಸಸ್ಯಗಳೇ ಅಲ್ಲಿ ಅಳಿದುಹೋದವು.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ಕ್ರಮಗಳನ್ನು ಅನುಸರಿಸತಕ್ಕದ್ದು:

1. ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಿ, ಕೊರತೆಗೆ ತಕ್ಕಂತೆ ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಹಾಕಬೇಕು.

2. ಹುಲ್ಲಿನ ನಡುವೆ ಹುಳಿಮಣ್ಣನ್ನು ಸಹಿಸುವ ಸ್ಟೈಲೋ ಮೊದಲಾದ ದ್ವಿದಳ ಮೇವನ್ನು ಬಿತ್ತಬೇಕು.

3. ಯೂರಿಯಾವನ್ನು ಜಡಿಮಳೆಯ ದಿನಗಳನ್ನು ಬಿಟ್ಟು, ಸಣ್ಣ ಕಂತುಗಳಲ್ಲಿ ಕೊಡಬೇಕು. ಮಿತಿಮೀರಿದರೆ ಎಳೆಯ ಮೇವಿನಲ್ಲಿ ನೈಟ್ರೇಟು ಶೇಖರವಾಗಿ ದನಗಳ ಪ್ರಾಣಕ್ಕೇ ಅಪಾಯವುಂಟು.

4. ಕೊಟ್ಟಿಗೆಯ ಸಗಣಿಯನ್ನೂ ಗಂಜಳವನ್ನೂ ಕಳಿಸಿ, ಹುಲ್ಲು ಬೆಳೆದ ಅದೇ ನೆಲಕ್ಕೆ ಮರಳಿಸಬೇಕು.

ನೆಲದಿಂದ ಪಡೆದುದನ್ನು ನೆಲಕ್ಕೆ ಹಿಂದಿರುಗಿಸಿದಲ್ಲಿ ಮಾತ್ರ ಗಾವಲು ಮುಂದಿನ ತಲೆಮಾರಿಗೂ ಉಳಿಯುವುದು.