ದೋಣಿಗಾಗಿ ಕರಗುವ ಲೋಹ

ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ನಮ್ಮ ನರಸಿಂಹರಾಜಪುರದ ಅಂಚಿಗೇ ಹಿನ್ನೀರು ಬಂತು. ಮಕ್ಕಳೇ, ಇಂಥ ನೀರಿನಲ್ಲಿ ಕಬ್ಬಿಣದ ದೋಣಿ ವರ್ಷವಿಡೀ ತೇಲುತ್ತಿದ್ದರೆ ಏನಾಗುತ್ತದೆ? ಮೇಲೆ ಬಣ್ಣ ಥಳಥಳ ಹೊಳೆಯುತ್ತಿದ್ದರೂ ನೀರಿನೊಳಗೆ ತಗಡು ಸವೆಯುತ್ತಿರಬಹುದು. ಜನ ಹತ್ತುವ ದೋಣಿಯಾದರೆ ಇದು ಜೀವದ ಪ್ರಶ್ನೆ.

ಎಂಜಿನ್ನಿನ ಪಂಖ ಕಂಚಿನದಾದರೆ ಅಪಾಯ ಇನ್ನೂ ಹೆಚ್ಚು. ಎರಡು ಬೇರೆ ಲೋಹಗಳು ತಾಗಿಕೊಂಡು ನೀರಿನಲ್ಲಿದ್ದರೆ ಬ್ಯಾಟರಿ ಸೆಲ್ಲಿನಂತೆ ವಿದ್ಯುತ್ ಹರಿದು ಒಂದು ಸವೆಯುತ್ತದೆ. ಇಲ್ಲಿ ಸವೆಯುವುದು ಕಬ್ಬಿಣ. ಅದಕ್ಕೇ ಕಬ್ಬಿಣಕ್ಕಿಂತ ಬೇಗ ಕರಗುವ ಲೋಹದ ಗಟ್ಟಿಯನ್ನು ತಳಕ್ಕೆ ಬಿಗಿಯುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು ಹೇಳುವುದಾದರೆ, ದೋಣಿಯ ನಷ್ಟವನ್ನು ಅದು ತನ್ನ ಖಾತೆಗೆ ಬರೆದುಕೊಳ್ಳುತ್ತದೆ! 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತಾಮ್ರ ಹೊದಿಸಿದ ಹಡಗುಗಳಿಗೆ ಈ ಉಪಾಯ ಹೇಳಿದ. ತಾಮ್ರವೇನೋ ಉಳಿಯಿತು, ಆದರೆ ಅದರ ಮೇಲೆ ಸಮುದ್ರದ ಚಿಪ್ಪುಜೀವಿಗಳು ಮೆತ್ತಿಕೊಂಡು ಹಡಗಿನ ಓಟವೇ ಕುಂಠಿತವಾಯಿತು.

ಮಂಗಳೂರಿನ ಕಡಲಿನ ಉಪ್ಪುನೀರಿಗೆ ಸತು ಸಾಕು. ಭದ್ರೆಯ ಸಿಹಿನೀರಿಗೆ ಮೆಗ್ನೀಸಿಯಂ ಒಳ್ಳೆಯದು. ಗಟ್ಟಿಗೆ ಮಾತ್ರ ಬಣ್ಣ ಬಳಿಯಬಾರದು, ಬಳಿದರೆ ಅದರ ಕೆಲಸ ನಿಂತಂತೆ. ಅರ್ಧ ಕರಗಿದಾಗ ಬದಲಿಸಬೇಕು.

ಮನೆಯ ಗೀಸರಿನೊಳಗೂ ಸಾಮಾನ್ಯವಾಗಿ ಇಂಥದೇ ಸರಳಿರುತ್ತದೆ. ಪರೀಕ್ಷಿಸಿ ನೋಡುತ್ತೀರಾ? ಎರಡು ಸಾದಾ ಕಬ್ಬಿಣದ ಮೊಳೆಗಳಲ್ಲಿ ಒಂದಕ್ಕೆ ತಾಮ್ರದ ತಂತಿ, ಇನ್ನೊಂದಕ್ಕೆ ಸತು ಲೇಪಿಸಿದ ತಂತಿ ಬಿಗಿಯಾಗಿ ಸುತ್ತಿ, ಬೇರೆ ಬೇರೆ ಲೋಟದ ಉಪ್ಪುನೀರಿನಲ್ಲಿಡಿ. ನಾಲ್ಕು ದಿನ ಬಿಟ್ಟು ನೋಡಿ, ಯಾವ ಮೊಳೆಗೆ ತುಕ್ಕು ಹೆಚ್ಚು?