ಮೇಘವಿಲ್ಲದ ಯಕ್ಷ

ಹೊಳಲ್ಕೆರೆ ಸೀಮೆಯ ರಾಮಗಿರಿಯ ಹೆಸರು ಕಿವಿಗೆ ಬಿದ್ದೊಡನೆ ಸಹೃದಯರಿಗೆ ಕಾಳಿದಾಸನ ಯಕ್ಷನು ನೆನಪಾಗುವುದು ಸಹಜ. ‘ಮೇಘದೂತ’ದ ರಾಮಗಿರಿ ನಾಗಪುರದ ಬಳಿಯ ರಾಮಟೇಕವೆಂಬುದು ಅನೇಕ ವಿದ್ವಾಂಸರ ಮತ, ನಮ್ಮ ರಾಮಗಿರಿ ಬೇರೆ. ಆದರೂ ಆಷಾಢದ ಮೋಡ ಇಲ್ಲಿಯ ಬೆಟ್ಟದ ಮೇಲೆ ಕವಿದಾಗ ಆ ವಿರಹಿಯ ನೆನಪು ತಪ್ಪದು. ಯಕ್ಷನ ಅಗಲಿಕೆಗೆ ಒಂದು ವರ್ಷದ ಗಡುವಿತ್ತು, ಅಲಕಾಪುರಿಯ ದಾರಿ ಅವನಿಗೆ ತಿಳಿದಿತ್ತು, ಸಂದೇಶವನ್ನೊಯ್ಯಲು ಮೇಘವಿತ್ತು. ಈ ಮೂರೂ ಇಲ್ಲದವನ ಪಾಡೇನು?

ಜಪಾನಿನ ಹರುಕಿ ಮುರಕಾಮಿ 1987ರಲ್ಲಿ ಪ್ರಕಟಿಸಿದ ‘ನಾರ್ವೀಜಿಯನ್ ವುಡ್’ ಕಾದಂಬರಿಯ ನಾಯಕ ವತನಾಬೆ ಅಂಥವನು. ಮೂವತ್ತೇಳರ ವಯಸ್ಸಿನಲ್ಲಿ, ಹ್ಯಾಂಬರ್ಗಿಗೆ ಬಂದಿಳಿದ ವಿಮಾನದೊಳಗೆ ಹಳೆಯ ಹಾಡೊಂದನ್ನು ಕೇಳಿ, ಅವನು ಟೋಕಿಯೋದಲ್ಲಿ ಕಳೆದ ಕಾಲೇಜಿನ ದಿನಗಳನ್ನು ನೆನೆಯುತ್ತಾನೆ. ಗೆಳೆಯ ಕಿಜುಕಿ ಹದಿನೇಳರಲ್ಲೇ ಆತ್ಮಹತ್ಯೆ ಮಾಡಿಕೊಂಡವನು. ಕಿಜುಕಿಯ ಪ್ರೇಯಸಿಯಾಗಿದ್ದ ನವೊಕೊಳನ್ನು ವತನಾಬೆ ಒಲಿಯುತ್ತಾನೆ. ಆಕೆಯೋ ಮನಸ್ಸು ಕದಡಿ, ಕ್ಯೋಟೋ ಸಮೀಪದ ಬೆಟ್ಟಗಳ ನಡುವಣ ಆರೋಗ್ಯಧಾಮವನ್ನು ಸೇರುತ್ತಾಳೆ. ಇವನ ಕಾಗದಗಳು ಆಕೆಯ ಕೈ ಸೇರುತ್ತವೆ. ಆದರೆ ಮೃತನ ನೆನಪಿನಿಂದ ಆಕೆಯನ್ನು ಬಿಡಿಸಿ ತರಲಾರವು. ಕಡೆಗೆ ಆಕೆಯೂ ಕಾಡಿನಲ್ಲಿ ಪ್ರಾಣ ನೀಗುತ್ತಾಳೆ.

ಇದನ್ನೋದುವಾಗ ನಮ್ಮ ದುರ್ಗದ ರಾಮಾಚಾರಿ ಕಣ್ಮುಂದೆ ನಿಲ್ಲುತ್ತಾನೆ. ತ.ರಾ.ಸು. ಅವರ ‘ನಾಗರಹಾವು’ ಮೊದಲಾದ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ಕಥೆಯಲ್ಲಿ, ಗುರು ಚಾಮಯ್ಯನವರ ಮಾತಿಗೆ ಕಟ್ಟುಬಿದ್ದು ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವನ ಒಲವಿಗೆ ಅಡ್ಡ ನಿಂತದ್ದು ಜಾತಿ, ಸಮಾಜ, ಗುರುವಿನ ವಾತ್ಸಲ್ಯ. ಎದುರಾಳಿ ಇರುವುದರಿಂದ ಅವನ ದುಃಖಕ್ಕೆ ಸಿಟ್ಟಿನ ದಾರಿಯಾದರೂ ಉಂಟು. ವತನಾಬೆಯನ್ನು ತಡೆದವರು ಯಾರೂ ಇಲ್ಲ. ಮಹಾನಗರದಲ್ಲಿ ಅವನನ್ನು ವಿಚಾರಿಸುವವರೂ ವಿರಳ. ಯಾರನ್ನು ದೂರಬೇಕೆಂದೇ ತಿಳಿಯದ ಈ ಏಕಾಕಿತನ ಹೆಚ್ಚು ದಾರುಣವಾದುದು.

ಅವನನ್ನು ಬದುಕಿನ ಕಡೆಗೆ ಕರೆಯುವವಳು ಮಿಡೋರಿ ಎಂಬ ಸಹಪಾಠಿ. ಕಾದಂಬರಿಯ ಕೊನೆಯಲ್ಲಿ ಅವನು ಆಕೆಗೆ ದೂರವಾಣಿ ಮಾಡುತ್ತಾನೆ. ಎಲ್ಲಿರುವೆಯೆಂದು ಆಕೆ ಕೇಳಿದರೆ, ತಾನು ನಿಂತ ತಾಣ ಯಾವುದೆಂಬುದೇ ಅವನಿಗೆ ತಿಳಿಯದು. ಯಕ್ಷನಿಗೆ ತಾನಿದ್ದ ಬೆಟ್ಟದ ಹೆಸರಾದರೂ ಗೊತ್ತಿತ್ತು!

ದೂರವಾಣಿಯನ್ನು ಕಿಸೆಯಲ್ಲೇ ಇಟ್ಟುಕೊಂಡ ನಮ್ಮ ತರುಣರಿಗೆ ಇಂದು ಮೇಘದ ಹಂಗಿಲ್ಲ. ಆದರೂ ತರಗತಿಯ ಕಡೆಯ ಬೆಂಚಿನಲ್ಲಿ ಮೌನವಾಗಿ ಕುಳಿತಿರುವ ಮುಖಗಳು ಕಡಿಮೆಯಾಗಿಲ್ಲ. ಸಂದೇಶದ ಸಾಧನವೊಂದರಿಂದಲೇ ಒಂಟಿತನ ನೀಗದು. ‘ಎಲ್ಲಿದ್ದೀಯೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ಒಬ್ಬರು ಬೇಕು. ಒಲವಿನ ಮೊದಲ ಕರ್ತವ್ಯ ಬಹುಶಃ ಅದೇ.